ಮನೆಯವರೆಲ್ಲ ಸೇರಿ ಬೆಳೆಸಿದ ಎಲುಬು

ದೇವರು ಎಲ್ಲರಿಗೂ ಎಣಿಸಿ ಕೊಟ್ಟ ಎಲುಬುಗಳ ಜೊತೆಗೆ ನನ್ನ ಬಲಗೈಯಲ್ಲಿ ಒಂದು ಹೆಚ್ಚಿನದು ಇದೆ. ಮೊಣಕೈ ಮಡಚುವ ಕಡೆ, ಮೆತ್ತಗೆ ಮಾಂಸ ಇರಬೇಕಾದ ಜಾಗದಲ್ಲಿ, ಹಲಸಿನ ಬೀಜದ ಹಾಗೆ ಕೈಗೆ ಸಿಗುತ್ತದೆ. ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಮನೆಯವರೆಲ್ಲ ಸೇರಿ, ಎಣ್ಣೆ ಹಾಕಿ, ಶಾಖ ಕೊಟ್ಟು, ಮುತುವರ್ಜಿಯಿಂದ ಬೆಳೆಸಿದ್ದು. ಅಷ್ಟೇ ಮುತುವರ್ಜಿ ಗದ್ದೆಗೆ ಮಾಡಿದ್ದರೆ ಆ ವರ್ಷ ಭತ್ತ ತುಂಬಲು ಕಣಜ ಸಾಲುತ್ತಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ತುಂಬಿ ಸ್ವಲ್ಪ ಕಾಲವಾಗಿತ್ತು. ನನ್ನ ತವರು ಹೊನ್ನೆಮರಡಿನ ಕಡೆ. ಮನೆ, ಗದ್ದೆ, ಬಾವಿ ಎಲ್ಲ ನೀರಿನಡಿಗೆ ಹೋಗಿ, ಅಪ್ಪ ಅಮ್ಮ ಎಲ್ಲೋ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ನನ್ನನ್ನು ಆನಂದಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮಾವ ಆಗಲೇ ತೀರಿಹೋಗಿದ್ದರು. ಗಂಡ, ಅತ್ತೆ, ನಾನು. ಗೇಣಿಗೆ ಮಾಡುವ ಒಂದಿಷ್ಟು ಗದ್ದೆ. ಅತ್ತೆಗೆ ಸಿಟ್ಟು ಬಂದಾಗ "ತವರಿಗೆ ಅಟ್ತೀನಿ ನೋಡು" ಅನ್ನುತ್ತಿದ್ದರು. ಅಟ್ಟಿದ್ದರೆ ಈಜಿಕೊಂಡು ಹೋಗಬೇಕಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿನ ಜಂತೆಗೆ ನೇತು ಹಾಕುತ್ತಾರೆ. ಮಳೆಗಾಲ ಪೂರ್ತಿ ಅದೇ ಹುಳಿ, ಅದೇ ಪಲ್ಯ. ಭತ್ತದ ನೆಟ್ಟಿ ಮುಗಿದ ಒಂದು ದಿನ ಅತ್ತೆಗೆ ಹುಳಿಗೆ ಒಂದು ಸೌತೆಕಾಯಿ ಬೇಕಾಯಿತು. ಏಣಿ ತಂದು ಒರಗಿಸಿದೆ.

"ಅತ್ತೆ, ಈ ಏಣಿಗೆ ಗೆದ್ದಲು ಹಿಡಿದೈತೆ."

"ಹತ್ತೇ, ಎಂತದೂ ಆಗಲ್ಲ. ನಿಂಗೆ ಭಾರ ಎಲ್ಲೈತೆ? ಉಂಡಿದ್ದೆಲ್ಲ ಎಲ್ಲಿಗೆ ಹೋಗ್ತದೋ ಏನೋ."

ಹತ್ತಿದೆ. ಸೌತೆಕಾಯಿಗೆ ಕೈ ಹಾಕಿದೆ. ಸೌತೆಕಾಯಿ, ಏಣಿಯ ಮೆಟ್ಟಿಲು, ನಾನು ಮೂವರೂ ಒಟ್ಟಿಗೆ ಕೆಳಗೆ ಬಂದೆವು. ನಾನು ಬಲಗೈ ಊರಿ ಬಿದ್ದೆ. ಅತ್ತೆ ಓಡಿ ಬಂದರು. ಓಡಿ ಬಂದು ಮೊದಲು ಎತ್ತಿಕೊಂಡದ್ದು ಸೌತೆಕಾಯಿಯನ್ನು. ಅತ್ತ ಇತ್ತ ತಿರುಗಿಸಿ ನೋಡಿ, "ಸದ್ಯ, ಒಡೆದಿಲ್ಲ" ಅಂದರು. ಆಮೇಲೆ ನನ್ನ ಕೈ ನೋಡಿದರು. ಅದರ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ಮೊಣಕೈಯ ಎಲುಬು ಗುಬುಟಾಗಿ ಹಿಂದಕ್ಕೆ ಚಾಚಿ, ಕೈ ಯಾರದೋ ಮನೆಯದ್ದನ್ನು ತಂದು ಅಂಟಿಸಿದ ಹಾಗೆ ಕಾಣುತ್ತಿತ್ತು.

ಹೊಸನಗರದ ಕಡೆ ಎಲುಬು ಕೂರಿಸುವ ಒಬ್ಬ ಮುದುಕರಿದ್ದರು. ಗಾಡಿ ಕಟ್ಟಿ ಅಲ್ಲಿಗೆ ಕರೆದುಕೊಂಡು ಹೋದರು. ದಾರಿಯ ಒಂದೊಂದು ಕಲ್ಲಿಗೂ ನಾನು ಕೂಗಿದೆ. ಗಂಡ ಎತ್ತುಗಳಿಗೆ "ಮೆಲ್ಲಕೆ, ಮೆಲ್ಲಕೆ" ಅನ್ನುತ್ತಿದ್ದ. ಎತ್ತುಗಳು ಅವನ ಮಾತನ್ನು ಯಾವತ್ತು ಕೇಳಿದ್ದವು? ಮುದುಕರು ನನ್ನ ಕೈ ಹಿಡಿದುಕೊಂಡು, "ಯಾವೂರಮ್ಮ ತವರು?" ಅಂದರು. "ಹೊನ್ನೆ—" ಅನ್ನುವಷ್ಟರಲ್ಲಿ ಎಳೆದರು. ಊರಿನ ಹೆಸರು ಅರ್ಧಕ್ಕೇ ನಿಂತಿತು. ಹೇಗೂ ಊರೂ ಇರಲಿಲ್ಲ, ಬಿಡಿ. ಕೈ ಮಾತ್ರ ತನ್ನ ಜಾಗಕ್ಕೆ ಕೂತಿತು. ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ ಸುತ್ತಿ ಕಟ್ಟಿದರು. "ಕಟ್ಟು ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ" ಅಂದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ನಮ್ಮ ಮನೆಯವರು ತಾವೇ ಸೇರಿಸಿಕೊಂಡರು.

ಕಟ್ಟು ಇದ್ದಷ್ಟು ದಿನ ಎಡಗೈಯಲ್ಲಿ ಉಂಡೆ. ಅದಕ್ಕೆ ದೋಷವಿರಲಿಲ್ಲ. ಕಟ್ಟು ಬಿಚ್ಚಿದ ದಿನದಿಂದ ದೋಷ ಶುರುವಾಯಿತು. ಕೈ ಬಿಚ್ಚಿ ನೋಡಿದರೆ ಬೆಂಡೆಕಾಯಿಯಂತೆ ಬಡವಾಗಿದ್ದು, ಅರ್ಧಕ್ಕೆ ಮಡಿಸಿ ನಿಂತಿತ್ತು. ಮುಂದಕ್ಕೂ ಚಾಚದು, ಬಾಯಿಗೂ ಬಾರದು. ನಾನು ಎಡಗೈಯಲ್ಲಿ ಅನ್ನ ಕಲೆಸಿದೆ. ಅತ್ತೆ ತಟ್ಟೆಯನ್ನೇ ನೋಡುತ್ತ ನಿಂತರು.

"ಎಡಗೈಯೇನೇ?"

"ಬಲಗೈ ಬಾಯಿಗೆ ಬರಲ್ಲ ಅತ್ತೆ."

"ಬರಲ್ಲ ಅಂದ್ರೆ? ಬರಸ್ಬೇಕು. ಅನ್ನ ದೇವ್ರು ಕಣೇ ಅದು."

ಅಂದಿನಿಂದ ನನ್ನ ಊಟ ಹಿತ್ತಿಲ ಬಾಗಿಲ ಮೂಲೆಗೆ ಹೋಯಿತು. ಎಲ್ಲರದ್ದೂ ಆದ ಮೇಲೆ, ಗೋಡೆಗೆ ಮುಖ ಹಾಕಿಕೊಂಡು. ಸೊಸೆ ಹೇಗೂ ಕೊನೆಗೇ ಉಣ್ಣುವುದು, ಗೋಡೆಯೊಂದೇ ಹೊಸತು. ಅದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ನನಗಿದ್ದ ಚಿಂತೆ ಭೂಮಿ ಹುಣ್ಣಿಮೆಯದ್ದು.

ನಮ್ಮಲ್ಲಿ ಭೂಮಿ ಹುಣ್ಣಿಮೆಯೆಂದರೆ ಬಸುರಿ ಭೂಮಿಗೆ ಬಯಕೆ ಊಟ ಹಾಕುವ ದಿನ. ಭತ್ತ ಹೊಡೆಗೆ ಬಂದು, ಒಳಗೆ ತೆನೆ ಕಟ್ಟಿರುತ್ತದೆ. ಹೆಂಗಸರು ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಪಲ್ಯ, ಬುತ್ತಿ ತುಂಬಿಕೊಂಡು ಗದ್ದೆಗೆ ಹೋಗಬೇಕು. ಪೈರಿಗೆ ಪೂಜೆ ಮಾಡಿ, ಕಾಗೆಗೆ ಇಟ್ಟು, ಎಡೆಯ ಕಡುಬನ್ನು ಗದ್ದೆಯಲ್ಲಿ ಹೂತು, ಆಮೇಲೆ ಗದ್ದೆಯ ಅಂಚಿನಲ್ಲೇ ಎಲೆ ಹಾಕಿಕೊಂಡು ಉಣ್ಣುವುದು. ನಮ್ಮ ಮನೆಯಲ್ಲಿ ಆ ಒಂದು ದಿನ ಸೊಸೆಗೂ ಎಲ್ಲರ ಸಾಲಿನಲ್ಲಿ ಎಲೆ. ಗಂಡಸರು ಎದ್ದು ಹೋಗಲಿ, ಅತ್ತೆಯದ್ದು ಮುಗಿಯಲಿ ಎಂದು ಕಾಯಬೇಕಾಗಿಲ್ಲ. ಬಿಸಿ ಕಡುಬು ಬಿಸಿಯಾಗಿರುವಾಗಲೇ ಬಾಯಿಗೆ. ವರ್ಷದಲ್ಲಿ ನನಗಿದ್ದ ದೊಡ್ಡಸ್ತಿಕೆ ಅದೊಂದೇ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅತ್ತೆಗೂ ಬಸುರಿ ಭೂಮಿಯ ಎದುರು ಎಡಗೈಯಲ್ಲಿ ಉಣ್ಣುವ ಸೊಸೆ ಬೇಕಾಗಿರಲಿಲ್ಲ. ಪೈರು ಜೊಳ್ಳಾಗುತ್ತದೆ ಎಂದು ಅವರ ಭಯ. ಹಾಗಾಗಿ ಹಬ್ಬದ ಒಳಗೆ ಕೈ ಬಾಯಿಗೆ ಬರಬೇಕು ಎಂಬ ವಿಷಯದಲ್ಲಿ ಅತ್ತೆ ಸೊಸೆ ಒಂದಾದೆವು. ಇಂಥ ಒಗ್ಗಟ್ಟು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಆದದ್ದಿಲ್ಲ, ಆಮೇಲೂ ಇಲ್ಲ.

ಬೆಳಿಗ್ಗೆ ಅತ್ತೆ ಎಳ್ಳೆಣ್ಣೆ ಹಚ್ಚಿ ತಿಕ್ಕಿದರು. ಸಂಜೆ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟು, ಬಾಯಿಯ ಕಡೆಗೆ ಮಡಚಿದರು. ಗಂಡನಿಗೆ ಇನ್ನೊಂದು ಯೋಚನೆ ಬಂತು. ನೀರು ತುಂಬಿದ ಬಿಂದಿಗೆಯನ್ನು ಬಲಗೈಗೆ ಕೊಟ್ಟು, "ಇದನ್ನ ಹಿಡ್ಕಂಡು ಅಂಗಳ ಸುತ್ತು, ತನ್ನಷ್ಟಕ್ಕೆ ಎಳೀತದೆ" ಅಂದ. ಮಗ ಕೈಯನ್ನು ಉದ್ದ ಮಾಡುವವನು, ತಾಯಿ ಗಿಡ್ಡ ಮಾಡುವವಳು. ನಡುವೆ ಕೈ ನನ್ನದು.

ನೋಡಲು ಬಂದವರೂ ಸುಮ್ಮನೆ ಹೋಗಲಿಲ್ಲ. ನಮ್ಮ ಊರಿನ ರೀತಿಯೇ ಹಾಗೆ. ಯಾರ ಮನೆಯಲ್ಲಾದರೂ ಪೆಟ್ಟಾಗಿದೆ ಎಂದರೆ ಬಂದು, ಎಲೆಯಡಿಕೆಯ ಕವಳ ಹಾಕಿಕೊಂಡು, ಹೋಗುವ ಮೊದಲು ಆ ಜಾಗವನ್ನು ಒಮ್ಮೆ ನೀವಿಯೇ ಹೋಗಬೇಕು. ಮದುವೆ ಮನೆಯಲ್ಲಿ ಮುಯ್ಯಿ ಮಾಡಿದ ಹಾಗೆ. ನೀವದೆ ಹೋದರೆ ಆ ಮನೆಯ ಮೇಲೆ ಏನೋ ಸಿಟ್ಟಿದೆ ಎಂದು ಅರ್ಥ. ನಮ್ಮ ಮನೆಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ ಎಂಬುದು ನನ್ನ ಕೈಗೆ ಚೆನ್ನಾಗಿ ಗೊತ್ತಾಯಿತು.

ಇಷ್ಟೂ ಸಾಲದು ಎಂದು ತೀರ್ಥಹಳ್ಳಿಯಿಂದ ದೊಡ್ಡತ್ತೆಯನ್ನು ಕರೆಸಿದರು. ಮಾವನ ಅಕ್ಕ. ಅವರ ಕೈಗುಣ ತುಂಬಾ ದೊಡ್ಡದು ಎಂದು ಹೆಸರು. ಬಾಣಂತಿಯರನ್ನೂ ಎಮ್ಮೆಗಳನ್ನೂ ಒಂದೇ ಕೈಯಲ್ಲಿ ನೀವಿ ಎಬ್ಬಿಸಿದ್ದರಂತೆ. ಬಸ್ಸಿನಿಂದ ಇಳಿದವರೇ, ಕಾಲು ತೊಳೆದದ್ದು ಆಮೇಲೆ, ಮೊದಲು ನನ್ನ ಕೈ ಹಿಡಿದರು.

"ಇದೆಂತ ತಿಕ್ಕಿದೀರ ನೀವು? ಬೆಣ್ಣೆ ಸವರಿದಂಗೆ! ತಿಕ್ಕೋದು ಅಂದ್ರೆ ಒಳಗಿಂದ ಜೀವ ಹೊರಗೆ ಬರ್ಬೇಕು."

ಬಂತು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ರಟ್ಟೆಯ ಮೇಲೆ ಒಂದು ಮೊಣಕಾಲಿಟ್ಟು, ಮುಂಗೈ ಹಿಡಿದು ಬಾಯಿಯ ಕಡೆಗೆ ಒತ್ತುತ್ತಿದ್ದರು. ಒಳಗೆ ಏನೋ ಹರಿದ ಹಾಗೆ ಆಗುತ್ತಿತ್ತು. ನಾನು ಕೂಗಿದರೆ ಅವರಿಗೆ ಸಂತೋಷ.

"ಕೂಗು, ಕೂಗು. ನರ ಬಿಡ್ತಾ ಐತೆ."

"ನರ ಅಲ್ಲ ದೊಡ್ಡತ್ತೆ, ನಾನೇ ಬಿಡ್ತಾ ಇದೀನಿ."

"ಬಾಯಿಗೇನೂ ಕಮ್ಮಿ ಇಲ್ಲ ಇವ್ಳಿಗೆ. ಕೈ ಒಂದು ಬಾಯಿಯಷ್ಟು ಆಡಿದ್ರೆ ಸಾಕಿತ್ತು."

ಸ್ವಲ್ಪ ದಿನಕ್ಕೆ ಮೊಣಕೈಯ ಮುಂದೆ ಬಾವು ಬಂತು. ಮುಟ್ಟಿದರೆ ಕಾದ ಕಾವಲಿ. ದೊಡ್ಡತ್ತೆ, "ಕೆಟ್ಟ ರಕ್ತ ಎಲ್ಲ ಒಂದ್ಕಡೆ ಸೇರ್ತಾ ಐತೆ, ಒಳ್ಳೇದೇ" ಎಂದು ಇನ್ನೂ ಜೋರಾಗಿ ತಿಕ್ಕಿದರು. ಬಾವು ಇಳಿದು ಒಳಗೊಂದು ಗಂಟು ಉಳಿಯಿತು. "ಅದನ್ನೇ ಈಗ ಕರಗಿಸ್ಬೇಕು" ಎಂದು ಮುರುಗಲ ಬೀಜದ ತುಪ್ಪ ಹಾಕಿ ತಿಕ್ಕಿದರು. ಗಂಟು ಕರಗಲಿಲ್ಲ, ಕಲ್ಲಾಯಿತು. "ನೋಡು, ಕೈಗೆ ಬಲ ಬಂತು" ಅಂದರು. ಅವರು ತಪ್ಪುವ ದಾರಿಯೇ ಇರಲಿಲ್ಲ. ಬಾತರೂ ಗುಣ, ಇಳಿದರೂ ಗುಣ, ಕಲ್ಲಾದರೂ ಗುಣ. ಕಟ್ಟು ಬಿಚ್ಚಿದ ದಿನ ಎದೆಯ ಮೇಲಿನ ತಾಳಿಗಿಂತ ನಾಲ್ಕು ಬೆರಳು ಮೇಲೆ ಬರುತ್ತಿದ್ದ ಕೈ, ಈಗ ತಾಳಿಯ ಹತ್ತಿರವೇ ನಿಂತುಬಿಡುತ್ತಿತ್ತು. ತಾಳಿ ಮುಟ್ಟಬಹುದು, ಬಾಯಿ ಮುಟ್ಟುವಂತಿಲ್ಲ. ಇನ್ನೇನು ಬೇಕು ಗರತಿಗೆ.

ಆ ವರ್ಷದ ಭೂಮಿ ಹುಣ್ಣಿಮೆಗೆ ನಾನು ಬುಟ್ಟಿ ಹೊತ್ತುಕೊಂಡು ಹೋದೆ, ಬಡಿಸಿದೆ, ಬಾಳೆಲೆ ತೆಗೆದೆ. ನನಗೆ ಎಲೆ ಹಾಕಲಿಲ್ಲ. ಮನೆಗೆ ಬಂದು ಹಿತ್ತಿಲ ಬಾಗಿಲಲ್ಲಿ ಗೋಡೆ ನೋಡುತ್ತ ತಣ್ಣಗಿನ ಕಡುಬು ತಿಂದೆ. ಸೌತೆಕಾಯಿಯ ಕಡುಬು. ನಾನು ಬಿದ್ದು ಉಳಿಸಿಕೊಟ್ಟ ಸೌತೆಕಾಯಿಯ ಒಡಹುಟ್ಟು ಇರಬೇಕು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹಬ್ಬ ಕಳೆದ ಮೇಲೆ ಗಂಡನಿಗೆ ಬುದ್ಧಿ ಬಂತು. ಸಾಗರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ. ಅವರು ಮುಟ್ಟಿ ನೋಡಿ, ಶಿವಮೊಗ್ಗಕ್ಕೆ ಹೋಗಿ ಎಕ್ಸರೇ ತೆಗೆಸಿಕೊಂಡು ಬನ್ನಿ ಅಂದರು. ಆನಂದಪುರದಲ್ಲಿ ರೈಲು ಹತ್ತಿ ಹೋಗಿ ತೆಗೆಸಿಕೊಂಡು ಬಂದೆವು. ನನ್ನ ಮದುವೆಗೆ ಫೋಟೋ ತೆಗೆಸಿರಲಿಲ್ಲ. ನನ್ನ ಮೊದಲ ಫೋಟೋ ಅದೇ, ಎಲುಬಿನದ್ದು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದರು. ಎಲುಬಿನ ಮುಂದೆ, ಬೆಳ್ಳಗೆ, ಮೋಡದ ತುಂಡಿನ ಹಾಗೆ ಏನೋ ಕಾಣಿಸುತ್ತಿತ್ತು.

"ಇಲ್ಲಿ ನೋಡಿ. ಮಾಂಸದೊಳಗೆ ಎಲುಬು ಬೆಳೆದಿದೆ. ಪೆಟ್ಟಾದ ಜಾಗವನ್ನು ಯಾರಾದರೂ ತಿಕ್ಕಿದರಾ?"

ಗಂಡನಿಗೆ ಹೆಮ್ಮೆ. ನಮ್ಮ ಮನೆಯವರು ಕೈಬಿಟ್ಟಿಲ್ಲ ಎಂದು ಡಾಕ್ಟರಿಗೆ ಗೊತ್ತಾಗಲಿ ಎಂದು ಅವನ ಆಸೆ.

"ಯಾರಾದ್ರೂ ಅಂತ ಅಲ್ಲ ಸಾರ್, ಎಲ್ರೂ ತಿಕ್ಕಿದೀವಿ. ಒಂದು ದಿನಾನೂ ತಪ್ಸಿಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಹಳ ಸಂತೋಷ. ಒಳಗೆ ಹರಿದು ರಕ್ತ ಕಟ್ಟಿದ ಮಾಂಸವನ್ನು ನೀವು ಮತ್ತೆ ಮತ್ತೆ ಹರಿದಿದ್ದೀರಿ. ಅದು ಮಾಂಸವಾಗಿ ಕೂಡುವುದನ್ನು ಬಿಟ್ಟು ಎಲುಬಾಗಿ ಕೂಡಿಕೊಂಡಿದೆ. ಇನ್ನು ಮೇಲೆ ಯಾರೂ ಕೈ ಹಚ್ಚಬೇಡಿ. ಎಣ್ಣೆ ಬೇಡ, ಶಾಖ ಬೇಡ, ಎಳೆಯುವುದು ಬೇಡ."

"ಕೊಯ್ದು ತೆಗೀಬಹುದಾ ಸಾರ್?"

"ಈಗ ಕೊಯ್ದರೆ ಮತ್ತೆ ಬೆಳೆಯುತ್ತದೆ. ಅದು ಪೂರ್ತಿ ಬಲಿತು ಸುಮ್ಮನಾಗಬೇಕು. ವರ್ಷ ಕಳೆದ ಮೇಲೆ ದೊಡ್ಡ ಆಸ್ಪತ್ರೆಗೆ ಹೋಗಿ ಕೇಳಿ. ಆಮೇಲೂ ಮತ್ತೆ ಬೆಳೆಯುವುದಿಲ್ಲ ಅಂತ ನಾನು ಹೇಳಲಾರೆ."

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. "ಮಾಂಸದಲ್ಲಿ ಎಲುಬು ಬೆಳೀತದಂತಾ? ಎಂತ, ಕೆಸುವಿನ ಗೆಡ್ಡೆನಾ ಅದು?" ದೊಡ್ಡತ್ತೆ ನಗಲಿಲ್ಲ. ಅವರ ಕೈಗುಣಕ್ಕೆ ಬಂದ ಮಾತಲ್ಲವೇ. "ಡಾಕ್ಟ್ರಿಗೆ ಎಂತ ಗೊತ್ತು? ತಿಕ್ಕಿದ್ದು ಸಾಕಾಗಿಲ್ಲ ಅಷ್ಟೆ. ಬಾ ಇಲ್ಲಿ" ಎಂದು ಎಣ್ಣೆ ಬಟ್ಟಲು ಹಿಡಿದು ಎದ್ದರು.

ನಾನು ಏಳಲಿಲ್ಲ. "ದೊಡ್ಡತ್ತೆ, ನೀವು ಒಂದು ಎಲುಬು ಮಾಡಿದ್ದು ಸಾಕು. ಇನ್ನೊಂದು ಬೇಕಾದ್ರೆ ನಿಮ್ಮ ತಮ್ಮನ ಮಗನ ಕೈಯಲ್ಲಿ ಮಾಡಿ" ಅಂದೆ. ಗಂಡ ತನ್ನ ಎರಡೂ ಕೈಗಳನ್ನು ಮೆಲ್ಲನೆ ಪಂಚೆಯೊಳಗೆ ಹಾಕಿಕೊಂಡ. ದೊಡ್ಡತ್ತೆ ಮಾರನೆಯ ಬಸ್ಸಿಗೇ ತೀರ್ಥಹಳ್ಳಿಗೆ ಹೊರಟರು. ಹೋಗುವಾಗ ಉಳಿದ ಮುರುಗಲ ತುಪ್ಪವನ್ನೂ ತೆಗೆದುಕೊಂಡು ಹೋದರು. ಅಲ್ಲಿ ಯಾರಿಗೆ ಅದೃಷ್ಟ ಕಾದಿತ್ತೋ.

ಗಂಡ ಕೆಟ್ಟವನಲ್ಲ. ದಡ್ಡ, ಅಷ್ಟೇ. ನಾನು ಗೋಡೆ ನೋಡಿಕೊಂಡು ಉಣ್ಣುವುದು ಅವನಿಗೂ ಸರಿ ಕಾಣುತ್ತಿರಲಿಲ್ಲ. ತಾಯಿಗೆ ಹೇಳುವ ಧೈರ್ಯ ಇರಲಿಲ್ಲವಾದ್ದರಿಂದ ಕತ್ತಿ ಹಿಡಿದು ಕೂತು, ತೆಂಗಿನ ಚಿಪ್ಪಿಗೆ ಉದ್ದನೆಯ ಬಿದಿರಿನ ಹಿಡಿ ಹಾಕಿ, ಹಿಡಿಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿ, ಒಂದು ಸೌಟು ಮಾಡಿಕೊಟ್ಟ. ತಾಳಿಯ ಹತ್ತಿರ ನಿಂತ ಕೈಯಿಂದ ಬಾಯಿಯವರೆಗೆ ಅದು ತಲುಪುತ್ತದೆ ಎಂದು ಅವನ ಲೆಕ್ಕ. ತಲುಪಿತು. ಆದರೆ ಬಾಯಿಗೆ ಬರುವ ಹೊತ್ತಿಗೆ ಚಿಪ್ಪು ಮಗುಚಿ ಸಾರೆಲ್ಲ ಕುಪ್ಪಸದೊಳಗೆ. ಇನ್ನೊಮ್ಮೆ ಹಿಡಿದರೆ ಮೂಗಿಗೆ. ಅವನು ಎದುರು ಕೂತು, "ಸ್ವಲ್ಪ ವಾರೆ ಹಿಡಿ, ಸ್ವಲ್ಪ ವಾರೆ" ಅನ್ನುತ್ತಿದ್ದ. ಆ ಸೌಟು ಆಮೇಲೆ ಕರುಗಳಿಗೆ ಬೂಸಾ ಹಾಕಲು ಒಳ್ಳೆಯದಾಯಿತು.

ವರ್ಷವಾಯಿತು. ನೋವು ಹೋಯಿತು, ಎಲುಬು ಉಳಿಯಿತು. ದೊಡ್ಡ ಆಸ್ಪತ್ರೆಗೆ ಹೋಗೋಣವೇ ಎಂದು ಗಂಡ ಕೇಳಿದ. ಕೊಯ್ದ ಮೇಲೆ ಮತ್ತೆ ಬೆಳೆಯಬಹುದು ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ಕೊಯ್ದ ಕೈ ನೋಡಲು ಊರೆಲ್ಲ ಮತ್ತೆ ಬಂದು ನೀವುತ್ತದೆ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬೇಡ ಅಂದೆ. ಅಷ್ಟು ಹೊತ್ತಿಗೆ ಆ ಕೈಯ ಹೊಸ ಅಳತೆ ನನಗೆ ಅರ್ಥವಾಗಿತ್ತು. ಬುಟ್ಟಿ ಸೊಂಟಕ್ಕೆ ಒತ್ತಿ ಹಿಡಿಯಲು ಸರಿಯಾಗಿತ್ತು. ಒಲೆಯ ಮೇಲಿನ ಪಾತ್ರೆ ತಿರುವಲು ಸರಿಯಾಗಿತ್ತು. ಸೌಟು ಹಿಡಿದು ಇನ್ನೊಬ್ಬರ ಎಲೆಗೆ ಬಡಿಸಲು ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿ ನಿಂತಿತ್ತು. ತನ್ನ ಬಾಯಿಗೆ ಒಂದು ತುತ್ತು ಹಾಕಿಕೊಳ್ಳಲು ಮಾತ್ರ ಬಾರದು. ಸೊಸೆಯ ಕೈ ಹೇಗಿರಬೇಕು ಎಂದು ಅಳತೆ ಕೊಟ್ಟು ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮತ್ತೆ ಭೂಮಿ ಹುಣ್ಣಿಮೆ ಬಂತು. ಗದ್ದೆಯಲ್ಲಿ ಪೂಜೆ ಮುಗಿಯಿತು. ಅಕ್ಕಪಕ್ಕದ ಗದ್ದೆಯವರೂ ಅಂಚಿನ ಮೇಲೆ ತಮ್ಮ ತಮ್ಮ ಬುಟ್ಟಿ ಬಿಚ್ಚುತ್ತಿದ್ದರು. ಗಂಡ, ಅತ್ತೆ, ಅತ್ತೆಯ ತಮ್ಮನ ಮನೆಯವರು ಸಾಲಾಗಿ ಕೂತರು. ಎಲೆ ಹಾಕಿದೆ. ಕೊನೆಯಲ್ಲಿ ಇನ್ನೊಂದು ಎಲೆ ಹಾಕಿದೆ.

ಅತ್ತೆ ನೋಡಿದರು. "ಅದ್ಯಾರಿಗೆ?"

"ನಂಗೆ."

"ಬಲಗೈ ಬಾಯಿಗೆ ಬಂತನಾ?"

"ಇಲ್ಲ."

"ಮತ್ತೆ? ಬಸುರಿ ಎದುರಿಗೆ ಎಡಗೈಲಿ ಉಣ್ತೀಯಾ? ಪೈರು ಹೊಡೆಗೆ ಬಂದೈತೆ, ಜೊಳ್ಳಾಗಲಿ ಅಂತನಾ? ತೆಗಿ ಆ ಎಲೆ. ನೀ ಬಡಿಸು. ನಿಂದು ಮನೆಗೆ ಹೋದ ಮೇಲೆ."

ಆಚೆ ಗದ್ದೆಯವರು ಎತ್ತಿದ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ನಾನು ಎಲೆ ತೆಗೆಯಲಿಲ್ಲ. ಬಲಗೈಯಲ್ಲಿದ್ದ ಸೌಟನ್ನು ಎಡಗೈಗೆ ತೆಗೆದುಕೊಂಡೆ. ಪಲ್ಯದ ಪಾತ್ರೆಗೆ ಅದ್ದಿ ಅತ್ತೆಯ ಎಲೆಯ ಮುಂದೆ ಬಂದು ನಿಂತೆ.

"ಏ, ಏ! ಎಂತ ಮಾಡ್ತೀಯೇ?"

"ಬಡಿಸ್ತೀನಿ ಅತ್ತೆ. ಉಣ್ಣಕ್ಕೆ ಆಗ್ದಿರೋ ಕೈ ಬಡ್ಸಕ್ಕೂ ಬೇಡ. ಅದಕ್ಕೂ ಸುಸ್ತಾಗೈತೆ. ಇನ್ಮೇಲೆ ಮನೇಲೂ ಇದೇ ಕೈ. ಅನ್ನ, ಸಾರು, ದೇವರ ಎಡೆ, ನೆಂಟರ ಎಲೆ, ಎಲ್ಲ."

"ಎಡಗೈಲಿ ನಂಗೆ ಬಡಿಸ್ತೀಯಾ? ಹೆತ್ತ ತಾಯಿ ಸಮ ನಾನು!"

"ನಂಗೆ ಇರದು ಒಂದೇ ಅಲ್ವಾ ಉಣ್ಣೋ ಕೈ. ಅದನ್ನೇ ಕೊಡ್ತಾ ಇದೀನಿ. ಇಲ್ಲ ಅಂದ್ರೆ ಬಲಗೈಲಿ ಬಡಿಸಿ, ಎಡಗೈಲಿ ಇಲ್ಲೇ ಕೂತು ಉಣ್ತೀನಿ. ಯಾವ್ದು ಅಂತ ಬೇಗ ಹೇಳಿ, ಕಡುಬು ಆರ್ತದೆ."

ಅತ್ತೆಯ ತಮ್ಮನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡ ಆಕಾಶ ನೋಡುತ್ತಿದ್ದ, ಕಾಗೆ ಲೆಕ್ಕ ಮಾಡುವವನ ಹಾಗೆ. ಆಚೆ ಗದ್ದೆಯ ಒಬ್ಬ ಮುದುಕರು ಕೂಗಿ ಹೇಳಿದರು, "ಕೂರ್ಸ್ಕಳೇ ಮಾರಾಯ್ತಿ! ಬಸುರಿ ಎದುರಿಗೆ ಯಾರ್ನೂ ಹಸಿದು ನಿಲ್ಲಿಸ್ಬಾರ್ದು. ಅದೂ ದೋಷವೇ."

ಒಂದು ದೋಷಕ್ಕೆ ಇನ್ನೊಂದು ದೋಷ ಎದುರು ಬಂದಾಗ ಅತ್ತೆಗೆ ಕಷ್ಟವಾಯಿತು. ಎಡಗೈಯಲ್ಲಿ ಹಿಡಿದ ಸೌಟು ಎಲೆಯ ಮೇಲೆ ತೂಗುತ್ತಿತ್ತು. ಅದನ್ನು ನೋಡಿದರು, ಪೈರು ನೋಡಿದರು, ಕಡುಬು ನೋಡಿದರು. ಕೊನೆಗೆ ಗೆದ್ದದ್ದು ಕಡುಬು ಎಂದು ನನ್ನ ಅಂದಾಜು.

"ಬಲಗೈಲಿ ಬಡ್ಸಿ ಕೂತ್ಕ, ಹಾಳಾದೋಳೆ. ಪೈರಿಗೆ ಬೆನ್ನು ಹಾಕಿ ಕೂತ್ಕ, ಕಾಣೋದು ಬೇಡ ಅದಕ್ಕೆ."

ಬಲಗೈಯಲ್ಲಿ ಎಲ್ಲರಿಗೂ ಬಡಿಸಿ, ಪೈರಿಗೆ ಬೆನ್ನು ಹಾಕಿ ಕೂತೆ. ಗೋಡೆಗೆ ಮುಖ ಹಾಕುವುದಕ್ಕಿಂತ ಅದು ಎಷ್ಟೋ ವಾಸಿ. ಎದುರಿಗೆ ಜನ ಕಾಣುತ್ತಿದ್ದರು, ಅವರಿಗೂ ನಾನು ಕಾಣುತ್ತಿದ್ದೆ. ಕಡುಬು ಮುರಿದರೆ ಹಬೆ ಬಂತು. ಎರಡನೆಯ ಸಲ ಹಾಕಿಸಿಕೊಳ್ಳುವ ಬದಲು ನಾನೇ ಹಾಕಿಕೊಂಡೆ. ಬಡಿಸುವ ಕೈ ನನ್ನದೇ ಅಲ್ಲವೇ.

ಆ ವರ್ಷ ಪೈರು ಜೊಳ್ಳಾಗಲಿಲ್ಲ. ಬೆನ್ನು ಹಾಕಿ ಕೂರಿಸಿದ್ದು ತನ್ನ ಬುದ್ಧಿ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಹೇಳಿಕೊಳ್ಳಲಿ ಬಿಡಿ. ಹಿತ್ತಿಲ ಬಾಗಿಲ ಮೂಲೆಯಲ್ಲಿ ನಾನು ಉಣ್ಣಲು ಮಣೆ ಹಾಕಿಕೊಳ್ಳುತ್ತಿದ್ದ ಜಾಗಕ್ಕೆ ಆಮೇಲೆ ಕಟ್ಟಿಗೆ ಒಟ್ಟಿದೆವು.